ಸೂಜಿ ಮಾಡದ ದವಾಖಾನಿ

ಜೂನ್ ೧೨, ಗುರುವಾರ

ನಿನ್ನೆ ಕಾರಹುಣ್ಣಿಮಿ. ಹೋಳಿಗಿ ಕಂಠಮಟ ಉಂಡ ಮಂದಿ ಇವತ್ತ ಮುಂಜಾನಿಂದ ಹೊಟ್ಟಿ ಹಿಡಕೊಂಡು ಬಂದ್ರು. ಹಬ್ಬದ ಮರುದಿನ ನನ್ನ ದವಾಖಾನ್ಯಾಗ ಕುಂಡ್ರಾಕ ಜಾಗಾ ಇರೂದಿಲ್ಲ. ಎಲ್ಲಾರಿಗೂ ಒಂದೊಂದು ಸೂಜಿ ಮಾಡಿ ಕಳಿಸಿದೆ. ಗುಳಿಗಿ ಕೊಟ್ರ ಮಂದಿ ಮಾರಿ ಸಣ್ಣದು ಮಾಡತಾರ. ಸೂಜಿ ಚುಚ್ಚಿದ್ರನ ಅವರಿಗೆ ಡಾಕ್ಟರ್ ನೋಡಿದಂಗ.

ಮಧ್ಯಾಹ್ನ ಪೇಪರ್ ಹಿಡಕೊಂಡು ಕುಂತರ ನಮ್ಮಂಥವರದ ಸುದ್ದಿ ಬಂದಿತ್ತು. ದಿಲ್ಲಿಯೊಳಗ ದೊಡ್ಡ ಸಮಿತಿ ಕುಂತು ಇಡೀ ದೇಶದ ಆರೋಗ್ಯ ವ್ಯವಸ್ಥಾ ಸುಧಾರಿಸಾಕ ಒಂದು ಪ್ರಸ್ತಾಪ ತಗದಾರಂತ. ಹಳ್ಳ್ಯಾಗ ಡಿಗ್ರಿ ಇಲ್ಲದ ಔಷಧ ಕೊಡೂ ನನ್ನಂಥವರನ್ನ ಹಿಡದು ಜೇಲಿಗೆ ಹಾಕೂದು ಬಿಟ್ಟು, ತರಬೇತಿ ಕೊಟ್ಟು, ಪರೀಕ್ಷಾ ಮಾಡಿ, 'ಗ್ರಾಮ ಆರೋಗ್ಯ ಸಹಾಯಕ' ಅಂತ ಸರ್ಟಿಫಿಕೇಟ್ ಕೊಡೂದು. ಮೊದಲು ಕೆಲವು ತಾಲೂಕಿನ್ಯಾಗ ಪ್ರಯೋಗ. ಅದರಾಗ ನಮ್ಮ ರಾಮದುರ್ಗ ಐತಿ.

ಸಹಾಯಕ ಅನ್ನೂ ಶಬ್ದ ನನಗ ಸೇರಲಿಲ್ಲ. ರಾಮದುರ್ಗದಾಗ ಮುದುಕ ಡಾಕ್ಟರ್ ಒಬ್ಬರ ಕೈಯಾಗ ಕಂಪೌಂಡರ್ ಆಗಿ ದುಡದು, ಅವರು ತೀರಿಕೊಂಡ ಮ್ಯಾಲೆ ಈ ಊರಿಗೆ ಬಂದಾಂವ ನಾನು. ಅವತ್ತಿಂದ ಸುರೇಬಾನದ ಸುತ್ತಮುತ್ತ ಎಲ್ಲಾರೂ ನನಗ ಡಾಕ್ಟರ್ ಅಂತಾರ. ಈಗ ಸಹಾಯಕ ಆಗು ಅಂದ್ರ ಹೆಂಗ? ಆದ್ರೂ ಸರಕಾರದ ಸರ್ಟಿಫಿಕೇಟ್ ಅದು. ಗೋಡಿಗೆ ಹಾಕಿದ್ರ ಯಾವ ಅಧಿಕಾರಿ ಬಂದ್ರೂ ಎದ್ದು ನಿಂದ್ರೂ ಕೆಲಸಿಲ್ಲ.

ಚನ್ನವ್ವಗ ಓದಿ ಹೇಳಿದೆ. ಆಕಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ. "ಹಂಗಾದ್ರ ಹೊರಗ ಗೋಡಿ ಮ್ಯಾಲೆ 'ಡಾ. ಉಳವಪ್ಪ' ಅಂತ ಬರಸೀರಲ್ಲ, ಅದನ್ನ ಅಳಸಬೇಕೇನ್ರಿ?" ಅಂದ್ಲು. ಕಟ್ಟಿಕೊಂಡ ಹೆಣ್ತಿ, ಬಾಯಿ ಮುಚ್ಚು ಅನ್ನಾಕ ಬರೂದಿಲ್ಲ.

ಸಂಜಿಗೆ ಶಟ್ಟೆಪ್ಪ ಬಂದ. ಅವಂದು ಮೂರು ಗಾಲಿ ಟಂಟಂ ಐತಿ. ನಮ್ಮೂರಿಂದ ರಾಮದುರ್ಗಕ್ಕ ಪಾಸಿಂಜರ್ ಹೊಡೀತಾನ. ನನ್ನ ಕೈಯಾಗ ಆಗದ ಪೇಶಂಟ್ ಇದ್ರ ಒಯ್ಯಾಂವನೂ ಅವನ. ಊರಿಗೆ ಬಂದ ಹೊಸದಾಗಿ ಅವರ ಓಣಿಗೆ ಹೋಗಿ ಅವರವ್ವನ ನಾಡಿ ಹಿಡದಿದ್ದೆ ನಾನು, ಆಗ ನಮ್ಮ ಓಣಿ ಹಿರಿಯರು ಮೂಗು ಮುರದಿದ್ರು. ಅವತ್ತಿನಿಂದ ಅವನೂ ನಾನೂ ಒಂದ. "ಸರ್ಟಿಫಿಕೇಟ್ ಬಂದ ದಿನ ಟಂಟಂದಾಗ ನಿಮ್ಮನ್ನ ಕುಂಡ್ರಿಸಿ ಮೆರವಣಿಗಿ ಮಾಡತೇನ್ರಿ ಡಾಕ್ಟರ, ಡೀಸಲ್ ಮಾತ್ರ ನಿಮ್ಮದು" ಅಂದ. ಬಾಳ ನಕ್ಕೆವು.

ಜೂನ್ ೨೦, ಶುಕ್ರವಾರ

ರಾಮದುರ್ಗದ ಕಲ್ಯಾಣ ಮಂಟಪದಾಗ ನಮ್ಮಂಥ ಹಳ್ಳಿ ಡಾಕ್ಟರ್‌ಗೋಳ ಸಂಘದ ಸಭಾ. ಅಧ್ಯಕ್ಷ ಶಿವಲಿಂಗ, ಹೊಳಿ ದಂಡಿ ಊರಾಗ ದವಾಖಾನಿ ಇಟ್ಟಾಂವ. ಮೈಕ್ ಸಿಕ್ರ ಬಿಡೂದಿಲ್ಲ. "ದೊಡ್ಡ ಡಾಕ್ಟರ್‌ಗೋಳು ಹಳ್ಳಿಗೆ ಬರೂದಿಲ್ಲ, ಬಂದ್ರ ಇರೂದಿಲ್ಲ, ಇದ್ರ ಸಂಜಿಗೆ ಸಿಗೂದಿಲ್ಲ. ಹಳ್ಳಿ ಮಂದಿನ್ನ ಕಾಯ್ದವರು ನಾವು" ಅಂದ. ಚಪ್ಪಾಳಿ ಬಿದ್ದೂವು. ನಾನೂ ಹೊಡದೆ.

ಪ್ರಯೋಗಕ್ಕ ಹೆಸರು ಕೊಟ್ಟವರಿಗೆ ಒಂದು ಷರತ್ತು ಐತಿ. ತರಬೇತಿ ಚಾಲೂ ಆದ ದಿನದಿಂದ ಸೂಜಿ ಬಂದ್, ಸಲಾಯಿನ್ ಬಂದ್. ಸಣ್ಣ ಬ್ಯಾನಿಗೆ ಗುಳಿಗಿ, ದೊಡ್ಡದಕ್ಕ ಮುಂದ ಕಳಿಸೂದು. "ಈಗ ಹ್ಞೂಂ ಅನ್ರಿ, ಆಮ್ಯಾಲೆ ನೋಡೂಣ" ಅಂದ ಶಿವಲಿಂಗ. ಹ್ಞೂಂ ಅಂದ್ವಿ.

ಹೊರಗ ಬಂದ್ರ ರಸ್ತೆ ಮ್ಯಾಲೆ ಖರೇ ಡಾಕ್ಟರ್‌ಗೋಳ ಮುಷ್ಕರ. ಪ್ರಸ್ತಾಪ ಹಿಂದಕ್ಕ ತಗೋರಿ ಅಂತ ಒದರಾಕತ್ತಿದ್ರು. ಅವರ ನಡುವ ನಮ್ಮ ಕಡೆ ಸರಕಾರಿ ದವಾಖಾನಿ ಹುಡುಗಿ ಐಶ್ವರ್ಯಾ ತೋಳಿಗೆ ಕರೀ ಪಟ್ಟಿ ಕಟ್ಟಿಕೊಂಡು ನಿಂತಿತ್ತು. ಧಾರವಾಡದ ಹುಡುಗಿ. ಮೊನ್ನೆ ಮೊನ್ನೆ ಡಾಕ್ಟರ್ ಆಗೇತಿ, ನನಗ ಎದುರು ನಿಂತೈತಿ. ಬಿಡಲಿಲ್ಲ ನಾನೂ. "ಏನವ್ವಾ, ನಮ್ಮ ಹೊಟ್ಟಿ ಮ್ಯಾಲೆ ಹೊಡಿಯಾಕ ಬಿಸಿಲಾಗ ನಿಂತೀಯಲ್ಲ" ಅಂದೆ.

"ನಿಮ್ಮ ಮ್ಯಾಲೆ ಸಿಟ್ಟಿಲ್ರಿ ಕಾಕಾ" ಅಂತು. "ಪ್ಯಾಟಿ ಮಂದಿಗೆ ಪೂರಾ ಡಾಕ್ಟರ್, ಹಳ್ಳಿ ಮಂದಿಗೆ ಅರ್ಧ ಡಾಕ್ಟರ್ ಸಾಕು ಅಂತ ಯಾರು ಅನ್ಕೊಂಡಾರಲ್ಲ, ಅವರ ಮ್ಯಾಲೆ ಸಿಟ್ಟು."

ಹಂಗಾದ್ರ ಪೂರಾ ಡಾಕ್ಟರ್ ಬರೂತನಕಾ ಮಂದಿ ಬ್ಯಾನಿ ತಡಕೊಂಡು ಕುಂಡ್ರಬೇಕೇನು ಅಂದೆ. ಆ ಹುಡುಗಿ ತೋಳಿನ ಪಟ್ಟಿ ಸರಿ ಮಾಡಿಕೊಂಡು ಹೊಳ್ಳಿ ಮುಷ್ಕರದ ಮಂದ್ಯಾಗ ಹೋತು. ನಾ ಗೆದ್ದಂಗ ಆತು.

ಜುಲೈ ೨, ಬುಧವಾರ

ತರಬೇತಿ. ಪಾಠ ಹೇಳಾಕ ಬಂದಾಕಿ ಯಾರು ಅಂದ್ರ ಅದ ಐಶ್ವರ್ಯಾ. ಮುಷ್ಕರಾ ಮಾಡೂದೂ ಆಕಿನ, ಸರಕಾರದ ಆರ್ಡರ್ ಬಂತಂತ ನಮಗ ಕಲಿಸೂದೂ ಆಕಿನ. ನಾನು ಶಿವಲಿಂಗ ಒಂದ ಬೆಂಚಿನ ಮ್ಯಾಲೆ, ಸಣ್ಣ ಹುಡುಗೂರಂಗ.

ಇವತ್ತ ಎದಿ ಬ್ಯಾನಿ. ನಮ್ಮ ಕಡೆ ಎದಿ ಹಿಡದ್ರ ಎಲ್ಲಾರೂ ಗ್ಯಾಸ್ ಅಂತಾರ, ಗ್ಯಾಸಿನ ಸೂಜಿ ಕೇಳತಾರ, ನಾವೂ ಮಾಡತೇವಿ. ಅದು ಎಷ್ಟೋ ಸಲ ಗ್ಯಾಸ್ ಅಲ್ಲ ಅಂದ್ರು ಮೇಡಂ. ಎದಿ ಹಿಂಡೂದು, ಎಡಗೈಗೆ ಇಳಿಯೂದು, ದವಡಿಗೆ ಏರೂದು, ತಣ್ಣನ ಬೆವರು. ಅಂಥವರಿಗೆ ಒಂದು ಆಸ್ಪಿರಿನ್ ಗುಳಿಗಿ ಅಗಿಯಾಕ ಕೊಟ್ಟು, ನಿಂತ ಕಾಲ ಮ್ಯಾಲೆ ದೊಡ್ಡ ದವಾಖಾನಿಗೆ ಕಳಸರಿ, ಗ್ಯಾಸಿನ ಸೂಜಿ ಮಾಡಿದ್ರ ಬ್ಯಾನಿ ಒಂದೀಟು ಕಡಿಮಿ ಅನಸತೈತಿ, ಪೇಶಂಟ್ ಆರಾಮ ಆತು ಅಂತ ಮನಿಗೆ ಹೋಗತಾನ, ಹೊತ್ತು ಕೈ ಬಿಟ್ಟು ಹೋಗತೈತಿ ಅಂದ್ರು.

ಶಿವಲಿಂಗ ಆಕಳಿಸಿದ. ನಾನು ಬರಕೊಂಡೆ. ಮಧ್ಯಾಹ್ನ ಊಟಕ್ಕ ಬಿಟ್ಟಾಗ ಎರಡು ಪ್ರಶ್ನೆ ಕೇಳಿದೆ, ಮೇಡಂ ತಮ್ಮ ಡಬ್ಬಿ ಬದಿಗಿಟ್ಟು ಹೇಳಿದ್ರು. ಬಸ್ಸಿನ್ಯಾಗ ಬರೂ ಮುಂದ ನನಗ ಊಟ ಮಾಡಿದ್ದು ನೆನಪಿರಲಿಲ್ಲ.

ಜುಲೈ ೧೪, ಸೋಮವಾರ

ಇವತ್ತೂ ಬೆಂಚು ಖಾಲಿ. ಸೂಜಿ ಬಂದ್ ಮಾಡಿದಾಗಿನಿಂದ ಹಿಂಗ. ಬಾಯವ್ವ ಸೊಂಟದ ಬ್ಯಾನಿಗೆ ಬಂದಿದ್ಲು, ಗುಳಿಗಿ ನೋಡಿ, "ಇದನ್ನ ಕೊಡಾಕ ಕಿರಾಣಿ ಅಂಗಡ್ಯಾಂವ ಸಾಕಲ್ಲೋ ಯಪ್ಪಾ" ಅಂತ ಹೊಳ್ಳಿ ಹೋದ್ಲು. ಎಲ್ಲಾರೂ ಟಂಟಂ ಹತ್ತಿ ಶಿವಲಿಂಗನ ಕಡೆ ಹೊಂಟಾರ. ಅಂವ ಬಾಗಲಾ ಮುಚ್ಚಿಕೊಂಡು ಒಳಗ ಸೂಜಿ ಮಾಡತಾನಂತ.

ಚನ್ನವ್ವ, "ನೀವೊಬ್ರ ಯಾಕ ಸತ್ಯ ಹರಿಶ್ಚಂದ್ರ ಆಗಬೇಕ್ರಿ, ನೀವೂ ಬಾಗಲಾ ಮುಚ್ಚಿ ಮಾಡ್ರಿ" ಅಂದ್ಲು. ಪರೀಕ್ಷಾ ತನಕಾ ತಡಕೋ ಅಂದೆ. ಸಿಟ್ಟು ಬರತೈತಿ, ಆದ್ರ ಯಾರ ಮ್ಯಾಲೆ ಅಂತ ಗೊತ್ತಾಗವಲ್ದು.

ಶಟ್ಟೆಪ್ಪ ಸಂಜಿಮುಂದ ಬಂದು ಕುಂತ. ನನ್ನ ಪೇಶಂಟ್ ಮಂದಿನ್ನ ಅವನ ಆ ಕಡೆ ಒಯ್ಯಾಕತ್ಯಾನ, ಅದಕ್ಕ ಅವಗ ನಾಚಿಕಿ. "ಬಾಡಿಗಿ ಬ್ಯಾಡ ಅನ್ನಾಕ ಆಗೂದಿಲ್ಲಲ್ರಿ ಡಾಕ್ಟರ" ಅಂದ. ಹೋಗಲಿ ಬಿಡು ಅಂದೆ.

ಜುಲೈ ೨೨, ಮಂಗಳವಾರ

ಮುಂಜಾನಿ ಶಟ್ಟೆಪ್ಪ ಬಂದ. ಟಂಟಂ ತಾನ ಹೊಡಕೊಂಡು ಬಂದಿದ್ದ, ಮಗ್ಗಲದಾಗ ಹೆಣ್ತಿ ಕೆಂಪವ್ವ. ಒಳಗ ಬಂದು ಬೆಂಚಿನ ಮ್ಯಾಲೆ ಧೊಪ್ಪಂತ ಕುಂತ. "ರಾತ್ರಿ ಎಣಗಾಯಿ ಜಾಸ್ತಿ ಆತ್ರಿ, ಗ್ಯಾಸ್ ಹಿಡದೈತಿ. ಒಂದು ಸೂಜಿ ಮಾಡ್ರಿ" ಅಂದ. ಅಂಗಿ ಬೆನ್ನಿಗೆ ಹತ್ತಿತ್ತು. ಹಣಿ ಮುಟ್ಟಿದ್ರ ತಣ್ಣಗ. ಬಲಗೈಲೆ ಎಡ ತೋಳ ತಿಕ್ಕಾಕತ್ತಿದ್ದ.

ಆಸ್ಪಿರಿನ್ ಗುಳಿಗಿ ತಗದು ಅವನ ಕೈಯಾಗ ಇಟ್ಟೆ. ಶಟ್ಟೆಪ್ಪಾ ಇದು ಗ್ಯಾಸ್ ಅಲ್ಲ, ಎದೀದು, ಇದನ್ನ ಅಗಿ, ಈಗಿಂದೀಗ ರಾಮದುರ್ಗಕ್ಕ ನಡಿ, ಇಸಿಜಿ ತಗಸಬೇಕು ಅಂದೆ. ಗುಳಿಗಿ ಬಾಯಾಗ ಹಾಕ್ಕೊಂಡಾಂವ ಕಹಿ ಅಂತ ಉಗಳಿದ.

"ದಿನಾ ಮಂದಿನ್ನ ರಾಮದುರ್ಗಕ್ಕ ಒಯ್ಯಾಂವ ನಾನ ಅದೇನ್ರಿ. ಅಲ್ಲಿಂದ ಬೆಳಗಾವಿಗೆ ಕಳಸತಾರ. ಎಣಗಾಯಿ ತಿಂದದ್ದಕ್ಕ ಬೆಳಗಾವಿ ಕಾಣಬೇಕೇನು?" ಅಂದ. ನಗಾಕ ಹೋದ, ನಗು ಅರ್ಧಕ್ಕ ನಿಂತಿತು.

ಎಷ್ಟು ಹೇಳಿದೆ. ಕೈ ಮುಗದೆ. ಕೆಂಪವ್ವ, "ಹಿಂದಕ ಇಂಥದಕ್ಕ ನೀವ ಸೂಜಿ ಮಾಡೀರಲ್ಲ ಅಣ್ಣಾರ, ಇವತ್ತೇನು ದಾಡಿ?" ಅಂದ್ಲು. ಶಟ್ಟೆಪ್ಪಗ ಸಿಟ್ಟು ಏರಿತು. "ಇವರಿಗೆ ಸರ್ಟಿಫಿಕೇಟಿನ ಹುಚ್ಚು ಹಿಡದೈತಿ, ನನ್ನ ಜೀವಕ್ಕಿಂತ ಅದು ಹೆಚ್ಚು" ಅಂದ. ಅಷ್ಟು ಅಂದದ್ದಕ್ಕ ನನ್ನ ತಲಿ ಕೆಟ್ಟಿತು. ಹೋಗ್ರಿ ಹಂಗಾದ್ರ, ಎಲ್ಲಿ ಬೇಕಲ್ಲಿ ಹೋಗ್ರಿ, ಅಂದೆ. ಹೋದ್ರು. ಊರ ಅಗಸಿ ಬಾಗಲ ತನಕಾ ಟಂಟಂ ಸಪ್ಪಳ ಕೇಳಿದೆ. ಯಾವ ಕಡೆ ಹೊಳ್ಳಿತು ತಿಳೀಲಿಲ್ಲ.

ಮೇಡಂಗ ಫೋನ್ ಹಚ್ಚಿದೆ. ನೀವು ಹೇಳಿದ್ದು ಸರಿ ಐತಿ, ಹೆಂಗರ ಮಾಡಿ ಅವರನ್ನ ರಾಮದುರ್ಗಕ್ಕ ಮುಟ್ಟಸರಿ, ನಾ ಅಲ್ಲಿ ಹೇಳಿ ಇಡತೇನಿ ಅಂದ್ರು. ಶಟ್ಟೆಪ್ಪಗ ಹಚ್ಚಿದೆ. ಎತ್ತಲಿಲ್ಲ. ಮತ್ತ ಹಚ್ಚಿದೆ. ಕಡೀಕೆ ಎತ್ತಿದ. "ಆರಾಮ ಆತ್ರಿ. ಶಿವಲಿಂಗಣ್ಣ ಸೂಜಿ ಮಾಡಿದ್ರು, ಚಹಾನೂ ಕುಡಿಸಿದ್ರು. ಮನಿಗೆ ಹೋಗಿ ಅಡ್ಡಾಗತೇನಿ. ಸಿಟ್ಟಾಗಬ್ಯಾಡ್ರಿ" ಅಂದ.

ಅವನ ದನಿ ಖರೇನ ಆರಾಮ ಇತ್ತು. ಹಂಗಾದ್ರ ಗ್ಯಾಸ್ ಇದ್ದೀತು ಬಿಡು ಅನಿಸಿತು. ಹಂಗ ಅನ್ಕೊಂಡು ಊಟ ಮಾಡಿದೆ.

ಜುಲೈ ೨೩, ಬುಧವಾರ

ಶಟ್ಟೆಪ್ಪ ಹೋದ. ನಿನ್ನೆ ಸಂಜಿಗೆ, ಮನಿ ಕಟ್ಟಿ ಮ್ಯಾಲೆ ಕುಂತಲ್ಲೆ.

ಜುಲೈ ೨೫, ಶುಕ್ರವಾರ

ಮಣ್ಣಿಗೆ ಹೋಗಿ ಬಂದದ್ದು ಬರೀಬೇಕಂದೆ, ಎರಡು ದಿನ ಪೆನ್ನು ಹಿಡಿಯಾಕ ಆಗಲಿಲ್ಲ.

ನಾ ಹೋದ ಕೂಡಲೆ ಮಂದಿ ಸರದು ದಾರಿ ಬಿಟ್ರು. ಮರ್ಯಾದಿಗೆ ಬಿಟ್ಟ ದಾರಿ ಅಲ್ಲ ಅದು. ಕೆಂಪವ್ವ ನನ್ನ ಕಂಡಾಕಿನ, "ಒಂದು ಸೂಜಿ ಮಾಡಾಕ ಕೈ ಬರಲಿಲ್ಲಲ್ಲ ಅಣ್ಣಾರ ನಿಮಗ" ಅಂದ್ಲು. ಅತ್ತಿದ್ರ ಸಮಾಧಾನ ಹೇಳತಿದ್ದೆ. ಆಕಿ ಅಳಲಿಲ್ಲ. ಮಗ ಗುರುನಾಥ ಬೈಲಹೊಂಗಲದಾಗ ವೈರಿಂಗ್ ಕೆಲಸಾ ಮಾಡತಾನ, ನನ್ನ ಕಡೆ ನೋಡಲೂ ಇಲ್ಲ.

ಶಿವಲಿಂಗ ದೊಡ್ಡ ಹಾರ ತಂದಿದ್ದ. ಎಲ್ಲಾರಿಗಿಂತ ಜೋರು ಅತ್ತಾಂವ ಅವನ. ಹೊಳ್ಳಿ ಬರೂ ಮುಂದ ನನ್ನ ತೋಳ ಹಿಡದು ಬದಿಗೆ ಕರದ. "ನನ್ನ ಹೆಸರು ಎಲ್ಲೂ ತಗೀಬ್ಯಾಡ. ಸುದ್ದಿ ಹೊರಗ ಬಿದ್ರ ಪ್ರಸ್ತಾಪ ಸತ್ತಹೋಗತೈತಿ, ನಮ್ಮ ಮಂದಿ ಎಲ್ಲಾರೂ ಬೀದಿಗೆ ಬೀಳತಾರ" ಅಂದ.

ನನ್ನ ಮಗ್ಗಲಕ್ಕ ಕುಂತು ಅದ ಪಾಠ ಕೇಳಿದ್ಯಲ್ಲೋ ಅಂದೆ.

"ಕೇಳಿದ್ದೆ. ಆದ್ರ ಮಂದಿ ಬಂದು ಮುಂದ ನಿಂತು ಕೇಳತಾರಲ್ಲ ಉಳವಪ್ಪಾ. ಏನ ಮಾಡೂದು?"

ಅವಗ ಎರಡು ಬಿಡಬೇಕಂತ ಕೈ ಎತ್ತಿದ್ದೆ. ಆ ಮಾತು ಕೇಳಿ ಕೈ ತಾನ ಇಳೀತು.

ಜುಲೈ ೨೯, ಮಂಗಳವಾರ

ಪಂಚಮಿ. ಉಂಡಿ ಮಾಡಬ್ಯಾಡ ಅಂದಿದ್ದೆ, ಚನ್ನವ್ವನೂ ಮಾಡಲಿಲ್ಲ. ಯಾರೂ ಬರಲಿಲ್ಲ. ಪರೀಕ್ಷಾ ಮುಂದಿನ ವಾರ ಐತಂತ, ಓದಾಕ ಕುಂತೆ, ಎದಿ ಬ್ಯಾನಿ ಪಾಠದ ಹಾಳಿ ಬಿಟ್ಟು ಮುಂದಕ್ಕ ಹೋಗಾಕ ಆಗಲಿಲ್ಲ.

ಆಗಸ್ಟ್ ೪, ಸೋಮವಾರ

ದವಾಖಾನಿಗೆ ಕೀಲಿ ಬಿತ್ತು.

ತಾಲೂಕಾದಿಂದ ಇಬ್ಬರು ಅಧಿಕಾರಿಗಳು ಜೀಪಿನ್ಯಾಗ ಬಂದ್ರು, ಜೋಡಿ ಮೇಡಂ. ಗುರುನಾಥ ದೂರು ಕೊಟ್ಟಾನಂತ. ನಮ್ಮಪ್ಪ ಎದಿ ಬ್ಯಾನಿ ಅಂತ ಹೋದ್ರ ಡಾಕ್ಟರ್ ಸೂಜಿ ಮಾಡದ ಹೊರಗ ಹಾಕಿದ, ಅದರಿಂದ ತೀರಿಕೊಂಡ ಅಂತ. ಹಿರಿ ಅಧಿಕಾರಿ ಓದಿ ಟೋಪಿ ತಗದು ತಲಿ ಕೆರಕೊಂಡ. "ನೀವು ಡಾಕ್ಟರ್ ಅಲ್ಲ. ಚಿಕಿತ್ಸಾ ಕೊಟ್ಟಿದ್ರ ನಿಮ್ಮ ಮ್ಯಾಲೆ ಕೇಸ್. ಕೊಡಲಿಲ್ಲ ಅಂತ ಕೇಸ್ ಬಂದದ್ದು ನನ್ನ ಸರ್ವಿಸಿನ್ಯಾಗ ಇದ ಮೊದಲು" ಅಂದ. ಆಮ್ಯಾಲೆ ಗೋಡಿ ಮ್ಯಾಲಿನ ಹೆಸರು ನೋಡಿದ. 'ಡಾ.' ಅಂತ ಬರಸೂ ಅಧಿಕಾರ ಯಾರು ಕೊಟ್ರು ಅಂದ. ಅದಕ್ಕ ಕೀಲಿ ಹಾಕಿದ್ರು. ಹೇಳಿಕಿ ಕೊಡಾಕ ರಾಮದುರ್ಗಕ್ಕ ಕರಿತೇವಿ, ಬರಬೇಕು ಅಂದ್ರು.

ಅವರು ಜೀಪ್ ಹತ್ತಿದ ಮ್ಯಾಲೆ ಮೇಡಂ ಹಿಂದ ನಿಂತ್ರು. "ನೀವು ಆಸ್ಪಿರಿನ್ ಕೊಟ್ರಿ, ಕಳಸಾಕ ನೋಡಿದ್ರಿ, ನನಗ ಫೋನ್ ಮಾಡಿದ್ರಿ. ಇದನ್ನ ನಾ ಬರದು ಕೊಡತೇನಿ. ಆಮ್ಯಾಲೆ ಬ್ಯಾರೆ ಎಲ್ಲೋ ಸೂಜಿ ಮಾಡಿಸ್ಯಾರಂತ ಕೇಳೇನಿ, ಯಾರು ಮಾಡಿದ್ರು ಹೇಳ್ರಿ ಕಾಕಾ" ಅಂದ್ರು.

ಗೊತ್ತಿಲ್ರಿ ಮೇಡಂ ಅಂದೆ.

ಅವರಿಗೆ ನಂಬಿಕಿ ಬರಲಿಲ್ಲ. ಕಣ್ಣಾಗ ನೀರು ಬಂದಿತ್ತು, ಸಿಟ್ಟಿನ ನೀರು. ಒಳಗ ಚನ್ನವ್ವ ಕೇಳಿಸಿಕೊಂಡಿದ್ಲು. "ಆ ಶಿವಲಿಂಗ ನಿಮ್ಮ ಸೋದರಮಾವನೇನ್ರಿ?" ಅಂದ್ಲು. ಕೆಂಪವ್ವ ಅವನ ಜೋಡಿ ಇದ್ಲು, ಶಿವಲಿಂಗನ ಹೆಸರು ಬಂದ್ರ ಅಲ್ಲಿಗೆ ಕರಕೊಂಡು ಹೋದವರು ಯಾರು ಅನ್ನೂದೂ ಬರತೈತಿ ಅಂದೆ. ಬಂದ್ರ ಬರಲಿ ಅಂದ್ಲು.

ಆಗಸ್ಟ್ ೮, ಶುಕ್ರವಾರ

ದಿಲ್ಲಿ ಸಮಿತಿ ಪ್ರಸ್ತಾಪಾ ಸದ್ಯಕ್ಕ ಕೈ ಬಿಟ್ಟೈತಂತ. ಡಾಕ್ಟರ್‌ಗೋಳು ಪೇಢೆ ಹಂಚ್ಯಾರಂತ. ಪೇಪರಿನ್ಯಾಗ ಬಂದದ್ದನ್ನ ಚನ್ನವ್ವ ಓದಿ ಹೇಳಿದ್ಲು. ನಾ ಓದಿರಲಿಲ್ಲ, ಬಾಯವ್ವನ ಮಗಳಿಗೆ ಬಾಣಂತಿ ಜ್ವರ, ಹಿತ್ತಲ ಬಾಗಲಕ್ಕ ಬಂದು ಸೂಜಿ ಕೇಳಿದ್ರು. ಸರಕಾರಿ ದವಾಖಾನಿಗೆ ನಡೀರಿ ಅಂದ್ರ ಅಂಜಿದ್ರು. ಕರಕೊಂಡು ಹೋಗಿ ಪಾಳಿ ಹಚ್ಚಿ ಕುಂತೆ. ಅಲ್ಲೆ ಹಾಸಿಗಿ ಕೊಟ್ಟು ಮಲಗಿಸಿಕೊಂಡ್ರು. ಮೇಡಂ ನನ್ನ ಜೋಡಿ ಮಾತು ಬಿಟ್ಟಾರ. ಆದ್ರೂ ಹೊರಗಿನ ಮಂದಿಗೆ ಗುಳಿಗಿ ಯಾವಾಗ ತಗೋಬೇಕು ತಿಳಿಸಿ ಹೇಳೂ ಕೆಲಸಾ ನನ್ನ ಕೈಗೆ ಕೊಟ್ರು. ಹೇಳಿದೆ. ಊಟದ ಹೊತ್ತು ದಾಟಿತ್ತು ಬರೂದ್ರಾಗ.

ಶಿವಲಿಂಗ ಫೋನ್ ಮಾಡಿದ್ದ. ಪ್ರಸ್ತಾಪಾ ಹೋತು, ಷರತ್ತೂ ಹೋತು, ಹಿತ್ತಲದಾಗ ಚಾಲೂ ಮಾಡು ಅಂದ. ಗೋಡಿ ಮ್ಯಾಲಿನ ಹೆಸರಿಗೆ ಚನ್ನವ್ವ ಸುಣ್ಣಾ ಬಳದಾಳ. ಯಾವತ್ತ ಬಳದ್ಲೋ, ನಾ ಇವತ್ತ ನೋಡಿದೆ.

ಆಗಸ್ಟ್ ೧೩, ಬುಧವಾರ

ನಾಳೆ ಹೇಳಿಕಿಗೆ ಕರದಾರ. ಮೇಡಂ ತಮ್ಮ ಮಾತು ಬರದು ಕೊಟ್ಟಾರಂತ, ನಾನೂ ಹಂಗ ಹೇಳಿದ್ರ ಕೇಸ್ ಹಗರ ಆಗತೈತಿ ಅಂತ ತಾಲೂಕಾದವರೂ ಸುದ್ದಿ ಕಳಿಸಿದ್ರು. ಚನ್ನವ್ವ ಮುಂಜಾನಿಂದ ಅದನ್ನ ಬಾಯಿಪಾಠ ಮಾಡಸಾಕತ್ತಿದ್ಲು. ಗುಳಿಗಿ ಕೊಟ್ಟೆ, ಹೋಗ್ರಿ ಅಂತ ಕೈ ಮುಗದೆ, ಅವರ ಕೇಳಲಿಲ್ಲ, ಅಷ್ಟ ಹೇಳ್ರಿ ಅಂತ.

ಮಧ್ಯಾಹ್ನ ಕೆಂಪವ್ವ ಬಂದ್ಲು. ಒಬ್ಬಾಕಿನ. ಪಡಸಾಲ್ಯಾಗ ಗೋಡಿಗೆ ಆತು ಕುಂತ್ಲು. ಅರ್ಧ ಆಗ್ಯಾಳ. ಕಣ್ಣಿನ ಸುತ್ತ ಕರ್ರಗ. ಬ್ಯಾನಿ ಏನರ ಐತೇನವ್ವಾ ಅಂದೆ.

"ಬ್ಯಾನಿಗೆ ಬಂದಿಲ್ರಿ. ಒಂದು ಮಾತು ಕೇಳಾಕ ಬಂದೇನಿ" ಅಂದ್ಲು. ಸೆರಗಿನ ಚುಂಗು ಬೆರಳಿಗೆ ಸುತ್ತಿಕೋತ ಹೇಳಿದ್ಲು. "ಅವತ್ತ ಅಗಸ್ಯಾಗ ಅವರು ಟಂಟಂ ರಾಮದುರ್ಗದ ಕಡೆ ಹೊಳ್ಳಿಸಿದ್ರು. ಉಳವಪ್ಪ ಡಾಕ್ಟರ್ ಎಂದೂ ಹಿಂಗ ಅಂಜಿದಾಂವಲ್ಲ, ಹೋಗೇ ಬಿಡೂಣ ಅಂದ್ರು. ನಾನ ಬ್ಯಾಡ ಅಂದೆ. ಬೆಳಗಾವಿ ಅಂದ್ರ ಅಂಜಿಕಿ ನನಗ. ಅವರ ತೋಳ ಜಗ್ಗಿ ಶಿವಲಿಂಗಣ್ಣನ ಕಡೆ ಒಯ್ದೆ. ಇದನ್ನ ಗುರುನಾಥಗ ಹೇಳಿಲ್ಲ. ಮಂದಿ ನಿಮ್ಮ ಹೆಸರು ತಗೊಂಡ್ರು, ನಾನೂ ತಗೊಂಡೆ. ಆದ್ರ ಮಲಗಿದ್ರ ನಿದ್ದಿ ಬರವಲ್ದು. ಖರೇ ಹೇಳ್ರಿ ಅಣ್ಣಾರ. ಅವತ್ತ ಶಿವಲಿಂಗಣ್ಣನ ತನಕಾ ಹೋಗೂ ಮೊದಲ ನೀವ ಸೂಜಿ ಮಾಡಿದ್ರ ಅವರು ಉಳೀತಿದ್ರೇನು?"

ಕಲತದ್ದೆಲ್ಲಾ ಬಾಯಿಗೆ ಬಂತು. ಚನ್ನವ್ವ ಚಹಾ ತಂದಾಕಿ ಬಾಗಲದಾಗ ನಿಂತ್ಲು, ನನ್ನ ನೋಡಾಕತ್ತಿದ್ಲು. ಹೇಳ್ರಿ ಅಂತ ಕಣ್ಣಲೆ ಹೇಳಿದ್ಲು. ಕೆಂಪವ್ವನ ಕೈ ನೋಡಿದೆ. ಅದ ಕೈಲೆ ಆಕಿ ಶಟ್ಟೆಪ್ಪನ ತೋಳ ಜಗ್ಗಿದ್ಲು.

"ಉಳೀತಿದ್ದ" ಅಂದೆ.

"ಹಂಗಾದ್ರ ನಿಮ್ಮಿಂದನ ಹೋದ್ರು."

"ಹೌದವ್ವಾ, ನನ್ನಿಂದನ."

ಆಕಿ ಎದ್ಯಾಗಿನ ಉಸರು ಹೊರಗ ಬಂತು. ಆಮ್ಯಾಲೆ ಅತ್ಲು, ಶಟ್ಟೆಪ್ಪ ಹೋದ ಮ್ಯಾಲೆ ಆಕಿ ಅತ್ತದ್ದನ್ನ ನಾ ನೋಡಿದ್ದು ಇದ ಮೊದಲು. ನನ್ನ ಬೈದ್ಲು. ಹಾಳಾಗಿ ಹೋಗು ಅಂದ್ಲು, ನಿನ್ನ ಹೆಣ್ತಿ ಅಳಲಿ ಅಂದ್ಲು. ಚನ್ನವ್ವ ಚಹಾ ಅಲ್ಲೇ ಇಟ್ಟು ಒಳಗ ಹೋದ್ಲು. ಅತ್ತು ಸಾಕಾಗಿ ಕೆಂಪವ್ವ ಆ ಚಹಾ ತಗೊಂಡು ಕುಡದ್ಲು. ಹೋಗೂ ಮುಂದ ಬಾಗಲದಾಗ ನಿಂತು, "ಇದನ್ನ ನಾಳೆ ಅವರ ಮುಂದನೂ ಹೇಳತೀರೇನು?" ಅಂದ್ಲು.

"ಹೇಳತೇನಿ. ನೀ ಮನಿಗೆ ಹೋಗಿ ನಿದ್ದಿ ಮಾಡು" ಅಂದೆ.